ಟ್ಯಾಪೆಟ್ ಹೊಂದಿಸಿದ ಮೇಲೆ ಲಾನ್ ಮೂವರ್ ಇನ್ನಷ್ಟು ಮುನಿಸಿಕೊಂಡಿದೆ

ಗರಿಕೆ

ತಳ್ಳಿಕೊಂಡು ಹೋಗುವ ಸಾಮಾನ್ಯ ಲಾನ್ ಮೂವರ್. ಒಂದೇ ಸಿಲಿಂಡರ್, ನಾಲ್ಕು ಸ್ಟ್ರೋಕ್, ವಾಲ್ವ್‌ಗಳು ಹೆಡ್‌ನಲ್ಲಿರುವ ಓಎಚ್‌ವಿ ಎಂಜಿನ್. ಕೆಲವು ವಾರಗಳಿಂದ ಆಗಾಗ ಪಟಾಕಿಯಂತೆ ಸಿಡಿಯುತ್ತಿತ್ತು. ಕಾರ್ಬುರೇಟರ್ ಬಿಚ್ಚಿ ತೊಳೆದೆ, ಜೆಟ್ ಊದಿದೆ, ಹಳೆಯ ಪೆಟ್ರೋಲ್ ಚೆಲ್ಲಿ ಹೊಸದು ತುಂಬಿದೆ, ಪ್ಲಗ್ ಬದಲಿಸಿದೆ. ಸಿಡಿತ ನಿಲ್ಲಲಿಲ್ಲ. ಹಾಗಾದರೆ ವಾಲ್ವ್ ಇರಬೇಕು ಎಂದುಕೊಂಡು ಮೊನ್ನೆ ಟ್ಯಾಪೆಟ್ ಹೊಂದಿಸಿದೆ, ಅಂದರೆ ವಾಲ್ವ್ ತುದಿ ಮತ್ತು ಅದನ್ನು ಒತ್ತುವ ರಾಕರ್ ನಡುವಿನ ಅಂತರ. ಕೈಪಿಡಿಯ ಪ್ರಕಾರ ಇನ್‌ಟೇಕ್‌ಗೆ 0.10 ಮಿ.ಮೀ., ಎಕ್ಸಾಸ್ಟ್‌ಗೆ 0.15 ಮಿ.ಮೀ. ಅಂತರ ಅಳೆಯುವ ತೆಳು ಎಲೆಗಳ ಫೀಲರ್ ಗೇಜ್ ಇಟ್ಟು ಅಷ್ಟಕ್ಕೇ ನಿಲ್ಲಿಸಿದೆ.

ಈಗ ಹಳೆಯ ರೋಗದ ಜೊತೆಗೆ ಹೊಸದೂ ಅಂಟಿಕೊಂಡಿದೆ. ಹಗ್ಗ ಎಳೆದರೆ ಬಾವಿಯಿಂದ ಬಂಡೆ ಎತ್ತಿದಷ್ಟು ಭಾರ. ಒಮ್ಮೊಮ್ಮೆ ಹಿಡಿಯನ್ನೇ ಕೈಯಿಂದ ಕಿತ್ತುಕೊಳ್ಳುತ್ತದೆ. ಬೆರಳ ಸಂದಿಗಳು ಇನ್ನೂ ನೋಯುತ್ತಿವೆ. ಹೇಗೋ ಚಾಲೂ ಆದರೆ ಹೆಡ್‌ನಿಂದ ಟಕಟಕ ಸದ್ದು. ಎಲ್ಲಿ ಎಡವಿದೆ?

ಹಳೆಯ ಪಾನಾ

ಮೊದಲು ಒಂದು ಮಾತು ಹೇಳಿ. ಸಿಡಿಯುವುದು ಯಾವ ಕಡೆಯಿಂದ? ಸೈಲೆನ್ಸರ್ ಕಡೆಯಿಂದಲೋ, ಏರ್ ಫಿಲ್ಟರ್ ಕಡೆಯಿಂದಲೋ? ಎರಡನ್ನೂ ಬ್ಯಾಕ್‌ಫೈರ್ ಎಂದೇ ಕರೆಯುವುದು ರೂಢಿ, ಆದರೆ ಎರಡರ ಹುಟ್ಟು ಬೇರೆ. ಕಾರ್ಬುರೇಟರ್ ಮೂಲಕ ಹಿಂದಕ್ಕೆ ಉಗುಳಿದರೆ ಮಿಶ್ರಣ ಬಡವಾಗಿದೆ (ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ), ಇಲ್ಲವೇ ಇನ್‌ಟೇಕ್ ವಾಲ್ವ್ ಪೂರ್ತಿ ಮುಚ್ಚುತ್ತಿಲ್ಲ, ಇಲ್ಲವೇ ಕಿಡಿ ಹೊತ್ತಲ್ಲದ ಹೊತ್ತಿನಲ್ಲಿ ಬರುತ್ತಿದೆ. ಸೈಲೆನ್ಸರ್‌ನಲ್ಲಿ ಸಿಡಿದರೆ ಉರಿಯದ ಪೆಟ್ರೋಲ್ ಅಲ್ಲಿಯವರೆಗೆ ಹೋಗಿ, ಅಲ್ಲಿನ ಬಿಸಿಗೆ ಹೊತ್ತಿಕೊಳ್ಳುತ್ತಿದೆ ಎಂದರ್ಥ. ಮಿಶ್ರಣ ಗಾಢವಾಗಿರಬಹುದು (ಪೆಟ್ರೋಲ್ ಹೆಚ್ಚು), ಎಕ್ಸಾಸ್ಟ್ ವಾಲ್ವ್ ಸೋರುತ್ತಿರಬಹುದು, ಕಿಡಿ ನಡುನಡುವೆ ತಪ್ಪುತ್ತಿರಬಹುದು.

ಇದನ್ನು ತಿಳಿಯದೆ ಟ್ಯಾಪೆಟ್ ಮುಟ್ಟುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ಕಿಡಿ

ಕಾರ್ಬುರೇಟರ್ ತೊಳೆದೆ ಎಂದು ಎಲ್ಲರೂ ಹೇಳುತ್ತಾರೆ. ಹೊರಗೆ ಒರೆಸಿ ಬಟ್ಟಲು ಖಾಲಿ ಮಾಡಿದರೆ ತೊಳೆದಂತಲ್ಲ. ಮುಖ್ಯ ಜೆಟ್‌ನ ರಂಧ್ರ ಸೂಜಿಮೊನೆಯಷ್ಟು. ಅದರಲ್ಲಿ ಹಳೆಯ ಪೆಟ್ರೋಲಿನ ಅಂಟು ಒಂದು ಪದರ ಉಳಿದರೂ ಮಿಶ್ರಣ ಬಡವಾಗುತ್ತದೆ. ಬೆಳಕಿಗೆ ಹಿಡಿದು ನೋಡಿ, ದುಂಡಗೆ ಕಾಣದಿದ್ದರೆ ಇನ್ನೂ ಕಟ್ಟಿಕೊಂಡಿದೆ. ಕಾರ್ಬುರೇಟರ್ ಮತ್ತು ಹೆಡ್ ನಡುವಿನ ಗ್ಯಾಸ್ಕೆಟ್ ಹರಿದಿದ್ದರೂ ಗಾಳಿ ಕಳ್ಳದಾರಿಯಲ್ಲಿ ನುಗ್ಗುತ್ತದೆ. ನನ್ನ ಮತ ಕಾರ್ಬುರೇಟರ್‌ಗೆ.

ಗರಿಕೆ

ಜೆಟ್ ಬೆಳಕಿಗೆ ಹಿಡಿದೇ ನೋಡಿದ್ದೆ, ದುಂಡಗಿದೆ. ಗ್ಯಾಸ್ಕೆಟ್ ಹೊಸದು ಹಾಕಿದ್ದೇನೆ.

ಎಲ್ಲಿಂದ ಎಂಬ ಪ್ರಶ್ನೆಗೆ ಬೆಳಿಗ್ಗೆ ಕಿವಿಗೊಟ್ಟು ಕೇಳಿದೆ. ನಾಚಿಕೆಯ ಸಂಗತಿ, ಎರಡೂ ಕಡೆಯಿಂದ! ಹಗ್ಗ ಎಳೆಯುವಾಗ ಮತ್ತು ದಟ್ಟ ಹುಲ್ಲಿನಲ್ಲಿ ಎಂಜಿನ್ ಉಸಿರುಗಟ್ಟಿದಾಗ ಏರ್ ಫಿಲ್ಟರ್ ಕಡೆಯಿಂದ ಫಟ್ ಎನ್ನುತ್ತದೆ. ಹಿಡಿಕೆಯ ಸನ್ನೆ ಬಿಟ್ಟು ನಿಲ್ಲಿಸುವಾಗ ಸೈಲೆನ್ಸರ್‌ನಲ್ಲಿ ಒಂದು ಢಂ. ಇಷ್ಟು ದಿನ ಎರಡನ್ನೂ ಒಂದೇ ಎಂದುಕೊಂಡಿದ್ದೆ.

ನಾಲ್ಕನೆಯ ಸ್ಟ್ರೋಕ್

ಸಿಡಿತ ಆಮೇಲೆ ನೋಡೋಣ, ಮೊದಲು ಹಗ್ಗದ ಭಾರ. ಅದು ಟ್ಯಾಪೆಟ್ ಕೆಲಸದ ನಂತರವೇ ಶುರುವಾದದ್ದರಿಂದ ಅಪರಾಧಿ ಯಾರೆಂದು ಹುಡುಕಬೇಕಾಗಿಲ್ಲ. ಅಳತೆ ತೆಗೆಯುವಾಗ ಪಿಸ್ಟನ್ ಎಲ್ಲಿತ್ತು?

ಗರಿಕೆ

ಪ್ಲಗ್ ತೆಗೆದು ಪ್ಲಾಸ್ಟಿಕ್ ನಳಿಗೆ ಇಳಿಬಿಟ್ಟು, ಅದು ಏರಿ ನಿಂತ ಜಾಗದಲ್ಲಿ ನಿಲ್ಲಿಸಿದೆ. ಅಂದರೆ ಸರಿಯಾಗಿ ಮೇಲ್ತುದಿ. ಎರಡೂ ವಾಲ್ವ್ ಮುಚ್ಚಿ ಪಿಸ್ಟನ್ ಮಿಶ್ರಣವನ್ನು ಅದುಮುವ ಕಂಪ್ರೆಷನ್ ಸ್ಟ್ರೋಕ್ ಎಂಬುದನ್ನು ಪ್ಲಗ್ ರಂಧ್ರದ ಮೇಲೆ ಹೆಬ್ಬೆರಳಿಟ್ಟು ಖಚಿತಪಡಿಸಿಕೊಂಡಿದ್ದೆ. ಎಂಜಿನ್ ತಣ್ಣಗಿತ್ತು.

ನಾಲ್ಕನೆಯ ಸ್ಟ್ರೋಕ್

ಎಲ್ಲವನ್ನೂ ಸರಿಯಾಗಿ ಮಾಡಿ ಕೊನೆಯ 6 ಮಿ.ಮೀ.ಯಲ್ಲಿ ಮುಗ್ಗರಿಸಿದ್ದೀರಿ.

ಕೈಯಿಂದ ಹಗ್ಗ ಎಳೆದು ಚಾಲೂ ಮಾಡುವ ಎಂಜಿನ್‌ಗೆ ಪೂರ್ತಿ ಒತ್ತಡ ಕಟ್ಟಿದರೆ ಯಾವ ತೋಳಿಗೂ ಆಗದು. ಅದಕ್ಕಾಗಿ ವಾಲ್ವ್‌ಗಳನ್ನು ಎತ್ತುವ ದಂಡವಾದ ಕ್ಯಾಮ್‌ನಲ್ಲೇ ಒಂದು ಸಣ್ಣ ಉಪಾಯವಿರುತ್ತದೆ. ಎಳೆಯುವ ನಿಧಾನ ವೇಗದಲ್ಲಿ ಕಂಪ್ರೆಷನ್ ಸ್ಟ್ರೋಕ್ ನಡುವೆ ಒಂದು ವಾಲ್ವನ್ನು ಕೂದಲೆಳೆಯಷ್ಟು ಎತ್ತಿ ಒತ್ತಡವನ್ನು ಸ್ವಲ್ಪ ಹೊರಬಿಡುತ್ತದೆ. ಕೆಲವು ಎಂಜಿನ್‌ಗಳಲ್ಲಿ ಎಕ್ಸಾಸ್ಟ್, ಕೆಲವುದರಲ್ಲಿ ಇನ್‌ಟೇಕ್. ಕೆಲವು ಕ್ಯಾಮ್‌ಗಳಲ್ಲಿ ಇದು ತೂಕ ಕಟ್ಟಿದ ಪುಟ್ಟ ಸನ್ನೆ, ವೇಗ ಹೆಚ್ಚಿದಾಗ ಹೊರಕ್ಕೆ ಚಿಮ್ಮಿ ದಾರಿ ಬಿಡುತ್ತದೆ. ಕೆಲವುದರಲ್ಲಿ ಕ್ಯಾಮ್ ಮೇಲೆಯೇ ಕೊರೆದ ಶಾಶ್ವತ ಉಬ್ಬು.

ನೀವು ಪಿಸ್ಟನ್ ನಿಲ್ಲಿಸಿದ ಜಾಗದಲ್ಲಿ ಎಕ್ಸಾಸ್ಟ್ ಟ್ಯಾಪೆಟ್ ಇನ್ನೂ ಆ ಉಬ್ಬಿನ ಮೇಲೆಯೇ ಕೂತಿರಬಹುದು. ಉಬ್ಬಿನ ಮೇಲಿದ್ದಾಗ 0.15 ಇಟ್ಟಿರಿ. ಅದು ಕೆಳಗಿಳಿದ ಮೇಲೆ ನಿಜವಾದ ಅಂತರ 0.15 ಮತ್ತು ಉಬ್ಬಿನ ಎತ್ತರ ಎರಡೂ ಕೂಡಿದಷ್ಟು. ಅಷ್ಟು ಸಡಿಲವಾದ ಮೇಲೆ ಉಬ್ಬು ಎಷ್ಟೇ ಎತ್ತಿದರೂ ವಾಲ್ವ್‌ಗೆ ತಾಗುವುದಿಲ್ಲ. ಒತ್ತಡ ಹೊರಹೋಗುವುದಿಲ್ಲ, ಹಗ್ಗ ಭಾರ. ಟಕಟಕ ಸದ್ದೂ ಅದೇ ಸಡಿಲದ್ದು.

ಹಳೆಯ ಪಾನಾ

ಇದೇ ವಿಷಯ. ಮತ್ತೆ ಅಳೆಯುವುದಾದರೆ ಹೀಗೆ ಮಾಡಿ.

ಪ್ಲಗ್ ತಂತಿ ಕಳಚಿ ದೂರಕ್ಕೆ ಕಟ್ಟಿಡಿ. ಇದು ಔಪಚಾರಿಕ ಎಚ್ಚರಿಕೆಯಲ್ಲ, ಕೆಳಗೆ ಬ್ಲೇಡ್ ಇದೆ. ಪಿಸ್ಟನ್ ಕಂಪ್ರೆಷನ್‌ನ ಮೇಲ್ತುದಿಗೆ ಬಂದ ಮೇಲೆ ಎಂಜಿನ್ ತಿರುಗುವ ದಿಕ್ಕಿನಲ್ಲೇ ಇನ್ನೂ ಸ್ವಲ್ಪ ತಿರುಗಿಸಿ, ನಳಿಗೆ ಸುಮಾರು 6 ಮಿ.ಮೀ. ಕೆಳಗಿಳಿಯಲಿ. ಅಲ್ಲಿ ಎರಡೂ ಟ್ಯಾಪೆಟ್ ಕ್ಯಾಮ್‌ನ ಬಯಲು ಭಾಗದಲ್ಲಿರುತ್ತವೆ. ನಿಮ್ಮ ಕೈಪಿಡಿಯಲ್ಲಿ ಬೇರೆ ಅಳತೆ ಇದ್ದರೆ ಅದೇ ಅಂತಿಮ. ಆಮೇಲೆ, ಯಾವುದನ್ನೂ ತಿರುಗಿಸದೆ, ಈಗ ಎಷ್ಟಿದೆ ಎಂದು ಅಳೆದು ಬರೆದಿಡಿ. ಮೊದಲ ಸಲ ಬರೆದಿಡಲಿಲ್ಲ ಅಲ್ಲವೇ? ಬರೆದಿದ್ದರೆ ಟ್ಯಾಪೆಟ್ ತಪ್ಪಿತ್ತೋ ಇಲ್ಲವೋ ಅಂದೇ ಗೊತ್ತಾಗುತ್ತಿತ್ತು.

ಗೇಜಿನ ಎಲೆ ರಾಕರ್ ಮತ್ತು ವಾಲ್ವ್ ತುದಿಯ ನಡುವೆ ಜಾರಬೇಕು, ಆದರೆ ತುಸು ಹಿಡಿದು ಜಾರಬೇಕು. ಎಣ್ಣೆ ಹಚ್ಚಿದ ಪುಸ್ತಕದ ಹಾಳೆಯನ್ನು ಎರಡು ಬೆರಳ ನಡುವಿನಿಂದ ಎಳೆದ ಹಾಗೆ. ಲಾಕ್ ನಟ್ ಬಿಗಿಯುವಾಗ ಅಂತರ ಸರಿದೇ ಸರಿಯುತ್ತದೆ, ಆದ್ದರಿಂದ ಬಿಗಿದ ಮೇಲೆ ಮತ್ತೆ ಅಳೆಯಿರಿ. ಕೈಯಿಂದ ಎರಡು ಸುತ್ತು ತಿರುಗಿಸಿ, ಅದೇ ಜಾಗಕ್ಕೆ ತಂದು ಮೂರನೆಯ ಸಲ ಅಳೆಯಿರಿ. ನನ್ನನ್ನು ಸಂಶಯಪಿಶಾಚಿ ಎಂದರೂ ಪರವಾಗಿಲ್ಲ, ಈ ಮೂರನೆಯ ಅಳತೆಯನ್ನು ಮಾತ್ರ ನಾನು ನಂಬುವುದು.

ಎಲೆಯ ಮೇಲಿನ ಅಂಕಿಯನ್ನೂ ಒಮ್ಮೆ ನೋಡಿಕೊಳ್ಳಿ. ಒಂದೇ ಎಲೆಯ ಮೇಲೆ ಇಂಚು ಮತ್ತು ಮಿಲಿಮೀಟರ್ ಎರಡೂ ಕೊರೆದಿರುತ್ತವೆ. 0.15 ಮಿ.ಮೀ. ಎಂದರೆ 0.006 ಇಂಚು. 0.015 ಇಂಚಿನ ಎಲೆ ತೆಗೆದರೆ ಅದು 0.38 ಮಿ.ಮೀ.

ಕಿಡಿ

ಎಕ್ಸಾಸ್ಟ್‌ಗೆ ಯಾಕೆ ಹೆಚ್ಚು ಅಂತರ? ಎರಡಕ್ಕೂ ಒಂದೇ ಇಟ್ಟುಕೊಂಡು ಓಡಿಸುವವರನ್ನು ಕಂಡಿದ್ದೇನೆ.

ಹಳೆಯ ಪಾನಾ

ಓಡುತ್ತದೆ, ವಾಲ್ವ್ ಸುಡುವವರೆಗೆ. ಇನ್‌ಟೇಕ್ ವಾಲ್ವನ್ನು ಪ್ರತಿ ಸಲ ತಣ್ಣನೆಯ ಮಿಶ್ರಣ ನೇವರಿಸಿ ಹೋಗುತ್ತದೆ. ಎಕ್ಸಾಸ್ಟ್ ವಾಲ್ವ್ ಬೆಂಕಿಯಲ್ಲೇ ನಿಂತಿರುತ್ತದೆ, ಅದರ ದಂಡ ಹೆಚ್ಚು ಹಿಗ್ಗುತ್ತದೆ. ಆ ಹಿಗ್ಗಿಗೆ ಜಾಗ ಬಿಡದಿದ್ದರೆ ವಾಲ್ವ್ ಪೂರ್ತಿ ಕೂರುವುದಿಲ್ಲ. ವಾಲ್ವ್ ತನ್ನ ಬಿಸಿಯನ್ನು ಮುಖ್ಯವಾಗಿ ಇಳಿಸುವುದು ಸೀಟಿನ ಮೇಲೆ ಕೂತಾಗ. ಕೂರದಿದ್ದರೆ ಅಂಚು ಸುಟ್ಟು, ಬಿಸಿ ಅನಿಲ ಸೋರಿ, ಆಮೇಲೆ ಸೈಲೆನ್ಸರ್ ಸಿಡಿತ ನಿಲ್ಲುವುದೇ ಇಲ್ಲ. ಹೋಂಡಾ ಜಿಎಕ್ಸ್160 ಎಂಜಿನ್‌ನ ಹಳೆಯ ಮಾದರಿಗಳಲ್ಲೂ ಇನ್‌ಟೇಕ್ 0.15, ಎಕ್ಸಾಸ್ಟ್ 0.20 ಮಿ.ಮೀ. ಅಂಕಿ ಎಂಜಿನ್‌ನಿಂದ ಎಂಜಿನ್‌ಗೆ ಬದಲಾಗುತ್ತದೆ, ಒಂದರದ್ದನ್ನು ಇನ್ನೊಂದಕ್ಕೆ ಹಾಕಬೇಡಿ.

ಸಡಿಲವಾದರೆ ಸದ್ದು ಮಾಡಿ ಹೇಳುತ್ತದೆ. ಬಿಗಿಯಾದರೆ ಸುಮ್ಮನಿದ್ದು ಕೊಲ್ಲುತ್ತದೆ. ನನಗೆ ಟಕಟಕ ಎನ್ನುವ ಎಂಜಿನ್‌ಗಿಂತ ಹೆಚ್ಚು ಭಯ ತೀರಾ ಮೌನವಾದ ಎಂಜಿನ್ ಕಂಡರೆ.

ತುಕ್ಕು

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದು ವಾಲ್ವ್‌ಗಳು ಸಿಲಿಂಡರ್ ಪಕ್ಕದಲ್ಲಿರುವ ಹಳೆಯ ಸೈಡ್ ವಾಲ್ವ್ ಎಂಜಿನ್. ಮುಚ್ಚಳ ತೆಗೆದರೆ ಸ್ಪ್ರಿಂಗ್ ಇದೆ, ವಾಲ್ವ್ ದಂಡ ಇದೆ, ತಿರುಗಿಸಲು ತಿರುಪೇ ಇಲ್ಲ. ಏನು ಮಾಡುವುದು?

ಹಳೆಯ ಪಾನಾ

ಅಂಥ ಬಹುತೇಕ ಎಂಜಿನ್‌ಗಳಲ್ಲಿ ತಿರುಪು ಇರುವುದೇ ಇಲ್ಲ. ಸೀಟು ಸವೆದಂತೆ ವಾಲ್ವ್ ಕೆಳಗಿಳಿಯುತ್ತದೆ, ಅಂತರ ಕಡಿಮೆಯಾಗುತ್ತದೆ. ಸರಿಪಡಿಸಲು ವಾಲ್ವ್ ಹೊರತೆಗೆದು ದಂಡದ ತುದಿಯನ್ನು ಚೂರುಚೂರೇ ಉಜ್ಜಬೇಕು, ತುದಿ ಮಾತ್ರ ಚೌಕವಾಗಿಯೇ ಉಳಿಯಬೇಕು. ಉಜ್ಜಿದ್ದನ್ನು ಮರಳಿ ಅಂಟಿಸಲಾಗದು. ಹೆಚ್ಚು ಹೋದರೆ ಹೊಸ ವಾಲ್ವ್ ಹಾಕಬೇಕು, ಇಲ್ಲವೇ ಸೀಟನ್ನು ಕಡೆದು ವಾಲ್ವನ್ನು ಇನ್ನೂ ಕೆಳಗಿಳಿಸಬೇಕು. ಸೀಟು ಉಜ್ಜಿ ಹೊಳಪು ಕೊಡುವ ಕೆಲಸವಿದ್ದರೆ ಅದನ್ನು ಮೊದಲು ಮುಗಿಸಿ, ಅಂತರ ಆಮೇಲೆ. ವಿವರ ಬೇಕಿದ್ದರೆ ಬೇರೆ ಎಳೆ ತೆರೆಯಿರಿ, ಗರಿಕೆಯವರ ಬೆರಳು ಇನ್ನೂ ನೋಯುತ್ತಿದೆ.

ಮೌನಿ

ಗರಿಕೆಯವರೇ, ಸಿಡಿತ ಶುರುವಾಗುವ ಮುಂಚೆ ಬ್ಲೇಡ್ ಯಾವುದಕ್ಕಾದರೂ ಬಡಿದಿತ್ತೇ?

ಗರಿಕೆ

ಹೌದು. ಹುಲ್ಲಿನೊಳಗೆ ಅಡಗಿದ್ದ ಮರದ ಬೇರಿಗೆ ಬಡಿದು ಯಂತ್ರ ಒಂದೇ ಏಟಿಗೆ ನಿಂತಿತು. ಆದರೆ ಮತ್ತೆ ಎಳೆದಾಗ ಚಾಲೂ ಆಯಿತು, ಬ್ಲೇಡ್ ಕೂಡ ಸೊಟ್ಟಗಾಗಿರಲಿಲ್ಲ. ಹಾಗಾಗಿ ಮರೆತೇಬಿಟ್ಟಿದ್ದೆ. ಅದಕ್ಕೂ ಇದಕ್ಕೂ ಏನು ಸಂಬಂಧ?

ನಾಲ್ಕನೆಯ ಸ್ಟ್ರೋಕ್

ಮೌನಿಯವರು ಒಂದೇ ಪ್ರಶ್ನೆಯಲ್ಲಿ ಗಂಟು ಬಿಚ್ಚಿದರು. ನಾನು ಇದನ್ನು ಮೊದಲೇ ಕೇಳಬೇಕಿತ್ತು.

ಪಿಸ್ಟನ್ ತಿರುಗಿಸುವ ಮುಖ್ಯ ದಂಡವೇ ಕ್ರ್ಯಾಂಕ್. ಬ್ಲೇಡ್ ಅದರ ಕೆಳತುದಿಯಲ್ಲಿದೆ, ಫ್ಲೈವೀಲ್ ಎಂಬ ಗಾಲಿ ಮೇಲ್ತುದಿಯಲ್ಲಿ. ಬೇರಿಗೆ ಬಡಿದಾಗ ಬ್ಲೇಡ್ ಮತ್ತು ಕ್ರ್ಯಾಂಕ್ ಕ್ಷಣಾರ್ಧದಲ್ಲಿ ನಿಂತವು. ಫ್ಲೈವೀಲ್ ತನ್ನ ಓಟದ ರಭಸದಲ್ಲಿ ಮುಂದಕ್ಕೆ ಸರಿಯಲು ನೋಡಿತು. ಅವೆರಡರ ನಡುವಿನ ತೋಡಿನಲ್ಲಿ ಕೀ ಎಂಬ ಪುಟ್ಟ ಚೂರು ಇದೆ, ಹಲವು ಎಂಜಿನ್‌ಗಳಲ್ಲಿ ಬೇಕೆಂದೇ ಮೆತು ಲೋಹದಲ್ಲಿ ಮಾಡಿದ್ದು. ಅದು ಕತ್ತರಿಸಿಹೋಗುತ್ತದೆ, ಇಲ್ಲವೇ ಅರ್ಧ ಸರಿದು ನಿಲ್ಲುತ್ತದೆ. ಪ್ಲಗ್‌ಗೆ ಕಿಡಿ ಯಾವಾಗ ಎಂದು ನಿರ್ಧರಿಸುವುದು ಫ್ಲೈವೀಲ್‌ನ ಅಂಚಿನಲ್ಲಿರುವ ಅಯಸ್ಕಾಂತ. ಫ್ಲೈವೀಲ್ ಮುಂದಕ್ಕೆ ಸರಿದರೆ ಅಯಸ್ಕಾಂತವೂ ಕಿಡಿ ಹುಟ್ಟಿಸುವ ಕಾಯಿಲ್ ಮುಂದೆ ಬೇಗ ಹಾಯುತ್ತದೆ, ಕಿಡಿಯೂ ಬೇಗ. ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಮಿಶ್ರಣ ಹೊತ್ತಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಹಗ್ಗ ಕಿತ್ತುಕೊಳ್ಳುವುದು ಹೀಗೆ. ಎಂಜಿನ್ ಹಿಮ್ಮುಖ ತಿರುಗಿದಾಗ ಇನ್‌ಟೇಕ್ ವಾಲ್ವ್ ತೆರೆದುಕೊಳ್ಳುತ್ತದೆ, ಉರಿಯುವ ಅನಿಲ ಕಾರ್ಬುರೇಟರ್ ಮೂಲಕ ಹೊರಬರುತ್ತದೆ. ನಿಮ್ಮ ಫಟ್ ಅದೇ.

ಈಗ ನಿಮ್ಮಲ್ಲಿ ಎರಡು ಕಾಯಿಲೆ ಒಟ್ಟಿಗೆ ಇವೆ. ಬೇರ್ಪಡಿಸುವುದು ಸುಲಭ. ಪ್ಲಗ್ ಎಂಜಿನ್‌ನಲ್ಲೇ ಇರಲಿ, ತಂತಿ ಮಾತ್ರ ಕಳಚಿ ಎಂಜಿನ್‌ನ ಲೋಹಕ್ಕೆ ತಾಗಿಸಿ ಕಟ್ಟಿ. ಈಗ ಹಗ್ಗ ಎಳೆಯಿರಿ. ಕಿಡಿಯೇ ಇಲ್ಲದಾಗಲೂ ಭಾರವಾಗಿದ್ದರೆ ಅದು ವಾಲ್ವ್ ಅಂತರದ ಲೆಕ್ಕ. ಕಿಡಿ ಇದ್ದಾಗ ಮಾತ್ರ ಕಿತ್ತುಕೊಂಡರೆ ಅದು ಟೈಮಿಂಗ್, ಅಂದರೆ ಕಿಡಿ ಬರುವ ಹೊತ್ತಿನ ಲೆಕ್ಕ.

ಕಿಡಿ

ಕೀ ಮುರಿದರೆ ಎಂಜಿನ್ ಚಾಲೂ ಆಗುವುದೇ ಇಲ್ಲ. ಇವರದು ಓಡುತ್ತಿದೆ. ಒಪ್ಪಲಾರೆ.

ನಾಲ್ಕನೆಯ ಸ್ಟ್ರೋಕ್

ಪೂರ್ತಿ ತುಂಡಾಗಿ ಫ್ಲೈವೀಲ್ ದೂರ ಸರಿದರೆ ನಿಮ್ಮ ಮಾತು ಸರಿ. ಅರ್ಧ ಸರಿದರೆ ಹಾಗಲ್ಲ. ಕೀ ಕೂರುವ ಕಡೆ ಕ್ರ್ಯಾಂಕ್‌ನ ವ್ಯಾಸ 20 ಮಿ.ಮೀ. ಎಂದುಕೊಳ್ಳಿ. 1 ಮಿ.ಮೀ. ಸರಿದರೆ ಸುಮಾರು 6 ಡಿಗ್ರಿ, 2 ಮಿ.ಮೀ. ಸರಿದರೆ ಹನ್ನೊಂದೂವರೆ ಡಿಗ್ರಿ. ಆ ಮಟ್ಟದಲ್ಲಿ ಎಂಜಿನ್ ಓಡಬಹುದು, ಆದರೆ ಮುನಿಸಿಕೊಂಡು ಓಡುತ್ತದೆ.

ಇನ್ನೊಂದು ಸುಳಿವು, ಇದೇ ಸಾಲಿನದು. ಇಂಥ ಹಗುರ ಯಂತ್ರಗಳಲ್ಲಿ ಫ್ಲೈವೀಲ್ ತೂಕ ಕಡಿಮೆ. ಬ್ಲೇಡ್ ಕೂಡ ಫ್ಲೈವೀಲ್‌ನ ಅರ್ಧ ಕೆಲಸ ಮಾಡುತ್ತದೆ. ಬ್ಲೇಡ್ ಬೋಲ್ಟ್ ಸಡಿಲವಿದ್ದರೂ, ಪರೀಕ್ಷೆಗೆಂದು ಬ್ಲೇಡ್ ಬಿಚ್ಚಿಟ್ಟು ಎಳೆದರೂ ಹಗ್ಗ ಕಿತ್ತುಕೊಳ್ಳುತ್ತದೆ, ಸಿಡಿಯುತ್ತದೆ. ಅದನ್ನೂ ನೋಡಿಬಿಡಿ.

ಗರಿಕೆ (ಎರಡು ದಿನಗಳ ನಂತರ)

ಬ್ಲೇಡ್ ಬಿಗಿಯಾಗಿದೆ. ತಂತಿ ಕಳಚಿ ಎಳೆದೆ, ಆಗಲೂ ಭಾರ. ಪಿಸ್ಟನ್ 6 ಮಿ.ಮೀ. ಇಳಿಸಿ ಅಳೆದೆ. ಇನ್‌ಟೇಕ್ 0.10, ಸರಿಯಾಗಿದೆ. ಎಕ್ಸಾಸ್ಟ್ 0.45! ಗೇಜಿನ ಮೂರು ಎಲೆ ಒಟ್ಟಿಗೆ ಹಾಕಿದರೂ ತೂರಿಹೋಗುತ್ತಿತ್ತು. 0.15ಕ್ಕೆ ತಂದು, ಪಾನಾ ಅವರ ಮೂರನೆಯ ಅಳತೆಯನ್ನೂ ಮುಗಿಸಿದೆ. ಹಗ್ಗ ಈಗ ಸಲೀಸು, ಟಕಟಕ ಸದ್ದೂ ಇಲ್ಲ.

ತಂತಿ ಮರಳಿ ಹಾಕಿ ಎಳೆದಾಗ ನಾಲ್ಕರಲ್ಲಿ ಒಂದು ಸಲ ಇನ್ನೂ ಕಿತ್ತುಕೊಳ್ಳುತ್ತದೆ, ಫಟ್ ಎನ್ನುತ್ತದೆ. ಮೊದಲಿನಷ್ಟು ಜೋರಾಗಿಲ್ಲ. ಅಂದರೆ ಕೀ ನೋಡಲೇಬೇಕು. ಫ್ಲೈವೀಲ್ ಬಿಚ್ಚುವುದು ಹೇಗೆ? ಸುತ್ತಿಗೆ ಸಾಕೇ?

ಹಳೆಯ ಪಾನಾ

ಸುತ್ತಿಗೆ ಕೆಳಗಿಡಿ. ಮೊದಲು ಬಿಚ್ಚದೆಯೇ ನೋಡಬಹುದು. ಮೇಲಿನ ಕವಚ ತೆಗೆದು, ನಟ್ ಮತ್ತು ವಾಷರ್ ಕಳಚಿ, ಮೇಲಿನಿಂದ ಬೆಳಕು ಹಾಕಿ. ಕೀ ಕೂರುವ ಕ್ರ್ಯಾಂಕ್‌ನ ತೋಡು, ಫ್ಲೈವೀಲ್‌ನ ತೋಡು ಎರಡೂ ಒಂದೇ ಗೆರೆಯಲ್ಲಿ ಕಾಣಬೇಕು. ಮೆಟ್ಟಿಲಿನಂತೆ ಕಂಡರೆ ತೀರ್ಪು ಬಂದಂತೆಯೇ.

ಬಿಚ್ಚಲು ಪುಲ್ಲರ್ ಎಂಬ ಎಳೆಯುವ ಉಪಕರಣ ಬಳಸಿ. ಬಡಿದರೆ ಅಲ್ಯೂಮಿನಿಯಂ ರೆಕ್ಕೆ ಮುರಿಯುತ್ತದೆ, ಕ್ರ್ಯಾಂಕ್ ತುದಿಯ ಹಲ್ಲೂ ಹಾಳಾಗುತ್ತದೆ. ಹೊಸ ಕೀ ಹಾಕುವ ಮುನ್ನ ಕ್ರ್ಯಾಂಕ್‌ನ ಇಳಿಜಾರು ಭಾಗವನ್ನೂ ಫ್ಲೈವೀಲ್‌ನ ಒಳಭಾಗವನ್ನೂ ಒಣ ಬಟ್ಟೆಯಿಂದ ಚೊಕ್ಕಟವಾಗಿ ಒರೆಸಿ, ಎಣ್ಣೆ ಗ್ರೀಸ್ ಏನೂ ಬೇಡ. ಫ್ಲೈವೀಲನ್ನು ಹಿಡಿದಿಟ್ಟುಕೊಳ್ಳುವುದು ಈ ಇಳಿಜಾರಿನ ಬಿಗಿತ. ಕೀ ಬರೀ ಜಾಗ ತೋರಿಸುತ್ತದೆ. ನಟ್ಟನ್ನು ಅಂದಾಜಿನಲ್ಲಿ ಬಿಗಿದರೆ ಹೊಸ ಕೀ ಕೂಡ ಹಳೆಯದರ ದಾರಿ ಹಿಡಿಯುತ್ತದೆ. ಬಿಗಿತ ಅಳೆದು ತೋರಿಸುವ ಟಾರ್ಕ್ ಪಾನಾ ಹಾಕಿ, ಕೈಪಿಡಿಯ ಅಂಕಿಗೆ ನಿಲ್ಲಿಸಿ. ಮೂಲ ಕೀ ಮೆತು ಲೋಹದ್ದಾಗಿದ್ದರೆ ಗಟ್ಟಿ ಉಕ್ಕಿನದನ್ನು ಹಾಕುವ ಜಾಣತನ ಬೇಡ. ಕೀ ಉಳಿದರೆ ಪೆಟ್ಟು ಕ್ರ್ಯಾಂಕ್‌ಗೆ ಹೋಗುತ್ತದೆ.

ಕಾಯಿಲ್ ಸಡಿಲಿಸಿದ್ದರೆ ಅಯಸ್ಕಾಂತದಿಂದ ಅದರ ಅಂತರವನ್ನೂ ಹೊಂದಿಸಬೇಕು. ಹಲವು ಎಂಜಿನ್‌ಗಳಲ್ಲಿ 0.25 ಮಿ.ಮೀ. ಆಸುಪಾಸು. ವಿಸಿಟಿಂಗ್ ಕಾರ್ಡ್ ನಡುವೆ ಇಟ್ಟು ಬಿಗಿಯುವುದು ಹಳೆಯ ಪದ್ಧತಿ.

ಮೌನಿ

ಕೀ ಸರಿದಷ್ಟು ಪೆಟ್ಟು ಬಿದ್ದಿದ್ದರೆ ಕ್ರ್ಯಾಂಕ್ ಬಾಗಿದೆಯೇ ಎಂದೂ ನೋಡಿ. ಪ್ಲಗ್ ತೆಗೆದು, ಬ್ಲೇಡಿನ ಒಂದು ತುದಿಯ ಬಳಿ ಗುರುತು ಇಟ್ಟು, ಕೈಗವಸು ಹಾಕಿ ನಿಧಾನಕ್ಕೆ ಅರ್ಧ ಸುತ್ತು ತಿರುಗಿಸಿ ಇನ್ನೊಂದು ತುದಿಯನ್ನು ಅದೇ ಗುರುತಿಗೆ ತನ್ನಿ. ಬ್ಲೇಡ್ ಸೊಟ್ಟಗಿಲ್ಲದೆಯೂ ಎರಡು ತುದಿಗಳ ಎತ್ತರ ಕಣ್ಣಿಗೆ ಕಾಣುವಷ್ಟು ಬೇರೆಯಾದರೆ ಅನುಮಾನಿಸಿ. ಕ್ರ್ಯಾಂಕ್ ಬಾಗಿದ್ದರೆ ಆ ಯಂತ್ರವನ್ನು ಓಡಿಸಬೇಡಿ. ನಡುಕವನ್ನು ಸಹಿಸಿಕೊಂಡು ಓಡಿಸಿದರೆ ಬ್ಲೇಡ್ ಯಾರ ಕಾಲಿನ ಕಡೆ ಹಾರುತ್ತದೋ ಹೇಳಲಾಗದು.

ಗರಿಕೆ (ವಾರದ ನಂತರ)

ಬ್ಲೇಡಿನ ಎರಡೂ ತುದಿ ಒಂದೇ ಎತ್ತರದಲ್ಲಿ ತಿರುಗಿದವು, ಕ್ರ್ಯಾಂಕ್ ಉಳಿದಿದೆ. ಕೀ ಮಾತ್ರ ಉಳಿದಿಲ್ಲ. ಮೆಟ್ಟಿಲಿನಂತೆ ಎರಡು ಹಂತವಾಗಿ ಕೂತಿತ್ತು, ಸರಿತ ಹತ್ತಿರ ಹತ್ತಿರ 2 ಮಿ.ಮೀ. ಕೈಬೆರಳ ಉಗುರಿನಷ್ಟೂ ಇಲ್ಲದ ಈ ಲೋಹದ ಚೂರಿಗಾಗಿ ನಾನು ಇಡೀ ಕಾರ್ಬುರೇಟರ್ ಎರಡು ಸಲ ಬಿಚ್ಚಿದ್ದೆ.

ಹೊಸ ಕೀ, ಒರೆಸಿದ ಇಳಿಜಾರು, ಟಾರ್ಕ್ ಪಾನಾ. ಎರಡನೆಯ ಎಳೆತಕ್ಕೆ ಚಾಲೂ. ಹಗ್ಗ ಕಿತ್ತುಕೊಳ್ಳಲಿಲ್ಲ, ದಟ್ಟ ಹುಲ್ಲಿನಲ್ಲಿ ನುಗ್ಗಿಸಿದರೂ ಫಟ್ ಇಲ್ಲ.

ಆದರೆ ನಿಲ್ಲಿಸುವಾಗಿನ ಢಂ ಹಾಗೆಯೇ ಇದೆ. ಜೊತೆಗೆ ಸ್ವಲ್ಪ ಕಪ್ಪು ಹೊಗೆ.

ಕಿಡಿ

ಕಪ್ಪು ಹೊಗೆ ಎಂದರೆ ಮಿಶ್ರಣ ಗಾಢ. ಸನ್ನೆ ಬಿಟ್ಟಾಗ ಕಿಡಿ ತಕ್ಷಣ ಕಡಿಯುತ್ತದೆ, ಎಂಜಿನ್ ಮಾತ್ರ ನಿಲ್ಲುವ ಮುನ್ನ ಕೆಲವು ಸುತ್ತು ಪೆಟ್ರೋಲ್ ಹೀರಿ ಉರಿಸದೆ ಸೈಲೆನ್ಸರ್‌ಗೆ ದಾಟಿಸುತ್ತದೆ. ಅಲ್ಲಿನ ಬಿಸಿಗೆ ಹೊತ್ತಿ ಢಂ. ಅಪರೂಪಕ್ಕೊಮ್ಮೆ ಮೆಲ್ಲಗೆ ಆದರೆ ಚಿಂತೆಯಿಲ್ಲ, ಪ್ರತಿ ಸಲ ಆದರೆ ಕಾರಣ ಹುಡುಕಬೇಕು. ಚೋಕ್ ಪೂರ್ತಿ ತೆರೆದುಕೊಳ್ಳುತ್ತಿದೆಯೇ? ಕಾರ್ಬುರೇಟರ್‌ಗೆ ಬರುವ ಪೆಟ್ರೋಲನ್ನು ತಡೆಯುವ ಫ್ಲೋಟ್ ಸೂಜಿ ಸೋರುತ್ತಿದೆಯೇ? ಏರ್ ಫಿಲ್ಟರ್ ಹೇಗಿದೆ?

ಹಳೆಯ ಪಾನಾ

ಕೇಳಲು ಮರೆತಿದ್ದೆ. ಬ್ಲೇಡ್ ನೋಡಲು ಯಂತ್ರವನ್ನು ಯಾವ ಮಗ್ಗುಲಿಗೆ ಮಲಗಿಸಿದಿರಿ?

ಗರಿಕೆ

ಈಗ ಫಿಲ್ಟರ್ ಪೆಟ್ಟಿಗೆ ತೆರೆದು ಬಂದೆ. ಕಾಗದದ ಫಿಲ್ಟರ್ ಕಪ್ಪಗೆ ನೆನೆದು ಎಂಜಿನ್ ಆಯಿಲ್ ತೊಟ್ಟಿಕ್ಕುತ್ತಿದೆ. ಬೇರಿಗೆ ಬಡಿದ ದಿನವೂ, ಮೊನ್ನೆಯೂ ಫಿಲ್ಟರ್ ಕೆಳಗಾಗುವಂತೆಯೇ ಮಲಗಿಸಿದ್ದೆ.

ಹಳೆಯ ಪಾನಾ

ಕಾರ್ಬುರೇಟರ್ ಮತ್ತು ಫಿಲ್ಟರ್ ಆಕಾಶ ನೋಡುವಂತೆ ಮಲಗಿಸಬೇಕು. ಇಲ್ಲವಾದರೆ ಕ್ರ್ಯಾಂಕ್‌ಕೇಸ್‌ನ ಆಯಿಲ್ ಉಸಿರಾಟದ ಕೊಳವೆ ಹಿಡಿದು ಫಿಲ್ಟರ್‌ಗೆ ಇಳಿಯುತ್ತದೆ. ಗಾಳಿ ದಾರಿ ಮುಚ್ಚಿದಂತೆ ಮಿಶ್ರಣ ಗಾಢವಾಗುತ್ತದೆ. ಕಾಗದದ ಫಿಲ್ಟರ್ ತೊಳೆಯಲು ಬಾರದು, ಬದಲಿಸಿ. ಆಯಿಲ್ ಮಟ್ಟವನ್ನೂ ನೋಡಿ, ಅಷ್ಟು ಹೊರಗೆ ಬಂದಿದ್ದರೆ ಒಳಗೆ ಕಡಿಮೆಯಾಗಿರುತ್ತದೆ.

ಗರಿಕೆ (ಮರುದಿನ)

ಹೊಸ ಫಿಲ್ಟರ್ ಹಾಕಿದೆ, ಆಯಿಲ್ ಮಟ್ಟಕ್ಕೆ ತುಂಬಿದೆ. ಹೊಗೆ ಹೋಯಿತು. ಹತ್ತು ಸಲ ನಿಲ್ಲಿಸಿ ಚಾಲೂ ಮಾಡಿದೆ. ಒಂಬತ್ತು ಸಲ ಮೌನ, ಒಂದು ಸಲ ಸಣ್ಣದೊಂದು ಕೆಮ್ಮು. ಅದನ್ನು ಅದರ ಪಾಡಿಗೆ ಬಿಟ್ಟಿದ್ದೇನೆ.

ಕಿಡಿ

ನನ್ನ ಮತ ಕಾರ್ಬುರೇಟರ್‌ಗೆ ಎಂದು ಮೊದಲೇ ಹೇಳಿದ್ದೆ. ಕೊನೆಗೆ ದೋಷ ಸಿಕ್ಕಿದ್ದು ಅದರ ಅಕ್ಕಪಕ್ಕದಲ್ಲೇ ಎಂಬುದನ್ನು ದಾಖಲಿಸಬೇಕಾಗಿ ವಿನಂತಿ.

ಮೌನಿ

ದಾಖಲಿಸಲಾಗಿದೆ. ಒಂದು ಗೇಣು ದೂರ.